ಜೇಬಿನಲ್ಲಿದ್ದ ವಾಲ್ವು

ಬಿಳಿ ಕಾಲುಚೀಲ, ಮನೆಯೊಳಗೆ ಬಂದರೂ ಬಿಚ್ಚಲಿಲ್ಲ ನೋಡು, ಹಿಮ್ಮಡಿಯಲ್ಲಿ ಒಂದು ಕಲೆಯಿಲ್ಲ, ಬಸ್ಸಿಳಿದು ಧೂಳಿನ ರಸ್ತೆಯಲ್ಲಿ ಅಷ್ಟು ದೂರ ನಡೆದು ಬಂದವರ ಕಾಲು ಇಷ್ಟು ಬೆಳ್ಳಗಿರುವುದು ಹೇಗೆ — ರೇಡಿಯೋದ ನಾಲ್ಕು ಮರದ ಕಾಲುಗಳ ಸಂದಿಯಿಂದ ಅವನಿಗೆ ಕಾಣುತ್ತಿದ್ದುದು ಅಷ್ಟೇ, ಮನೆಯವರ ಪಾದಗಳು, ರೇಡಿಯೋದ ಬೆನ್ನಿಗೆ ಹಳೇ ಪೇಪರು ಹಾಸಿಕೊಂಡು ಮಗ್ಗುಲಾಗಿ ಬಿದ್ದು ಬಾಯಲ್ಲಿ ಟಾರ್ಚು ಕಚ್ಚಿಕೊಂಡವನಿಗೆ ಇನ್ನೇನು ಕಂಡೀತು, ಬಿಳಿ ಕಾಲುಚೀಲ ಮೇಷ್ಟ್ರದು, ಅಂದರೆ ಹೆಂಡತಿಯ ಅಕ್ಕನ ಗಂಡ, ಇವನ ಷಡ್ಡಕ, ಕಾಲೇಜಿನಲ್ಲಿ ಫಿಸಿಕ್ಸ್ ಹೇಳುವವರು, ಅದರ ಪಕ್ಕದಲ್ಲಿ ಚಪ್ಪಲಿ ಪಟ್ಟಿಯ ಗುರುತು ಬಿದ್ದ ಪಾದ ಮೇಷ್ಟ್ರ ಹೆಂಡತಿಯದು, ಒಡೆದ ಹಿಮ್ಮಡಿ ತನ್ನ ಹೆಂಡತಿಯದು, ಬೆಳಿಗ್ಗೆಯಿಂದ ಅಡುಗೆಮನೆಗೂ ಹಾಲಿಗೂ ಚಕ್ರ ಕಟ್ಟಿಕೊಂಡಂತೆ ತಿರುಗುತ್ತಿದೆ, ನಡುವೆ ಮಣೆಯ ಮೇಲೆ ಇಟ್ಟ ಎರಡು ಒಣಕಲು ಪಾದ ಮಾವನದು, ಆ ಉಗುರುಗಳನ್ನು ನಿನ್ನೆ ಬಿಸಿನೀರಿನಲ್ಲಿ ನೆನೆಸಿ ಒಂದೊಂದಾಗಿ ಕತ್ತರಿಸಿದ್ದು ಇವನು, ಮೇಷ್ಟ್ರಲ್ಲ, ಆದರೆ ಈಗ ಆ ಹತ್ತು ಉಗುರೂ ತಿರುಗಿರುವುದು ಬಿಳಿ ಕಾಲುಚೀಲದ ಕಡೆಗೆ.

ನೋಡಿ ಮಾವ, ವಾಲ್ವು ಅಂದ್ರೆ ಮಹಾ ಏನೂ ಇಲ್ಲ, ಗಾಜಿನೊಳಗಿನ ಗಾಳಿ ತೆಗೆದುಬಿಟ್ಟಿರ್ತಾರೆ, ಒಂದು ತಂತಿ ಕಾಯುತ್ತೆ, ಕಾದ ಮೇಲೆ ಎಲೆಕ್ಟ್ರಾನುಗಳು ಅಲ್ಲಿಂದ ಹಾರ್ತವೆ, ಈ ಕಡೆಯಿಂದ ಆ ಕಡೆಗೆ ಮಾತ್ರ, ವಾಪಸು ಬರೋ ಹಾಗಿಲ್ಲ, ಅಷ್ಟೇ ಸಿದ್ಧಾಂತ — ಮೇಷ್ಟ್ರ ದನಿ, ಅದರ ಹಿಂದೆಯೇ ಮಾವನ ದನಿ, ಆಹಾ, ಎಷ್ಟು ಸಲೀಸಾಗಿ ಹೇಳ್ತೀರಪ್ಪ ನೀವು, ನಮ್ಮಂಥವರಿಗೂ ತಿಳಿಯೋ ಹಾಗೆ. ಸಿದ್ಧಾಂತವಂತೆ. ಇದನ್ನೇ ಕಳೆದ ತಿಂಗಳು ಮಾವನ ತಲೆಗೆ ಸೋಪು ಹಚ್ಚುತ್ತಾ ಇವನೂ ಹೇಳಿದ್ದ, ಗಾಜು, ತಂತಿ, ಹಾರುವುದು, ಒಂದೂ ಬಿಡದೆ, ಆಗ ಮಾವ ಅಂದದ್ದೇನು, ಕಣ್ಣಿಗೆ ಸೋಪು ಹೋಗ್ತಿದೆ ಕಣೋ, ನೋಡ್ಕೊಂಡು ಹಚ್ಚು. ದೊಡ್ಡ ಅಳಿಯನಿಗೆ ಬನ್ನಿ, ಕೂತ್ಕೊಳ್ಳಿ, ಪ್ರಯಾಣ ಆಯಾಸ ಆಯ್ತೇನೋ, ಇವನಿಗೆ ಲೋ, ಬಾರೋ, ಎಲ್ಲಿ ಹಾಳಾಗಿ ಹೋಗಿದ್ದೆ, ಮದುವೆಯಾಗಿ ಇಪ್ಪತ್ತಾರು ವರ್ಷ, ಮಾವ ಈ ಮನೆಗೇ ಬಂದು ಒಂಬತ್ತು ವರ್ಷ, ಆ ಒಂಬತ್ತು ವರ್ಷದಲ್ಲಿ ಒಂದು ದಿನ, ಒಂದೇ ದಿನ, ಭೇಷ್ ಅಂತ ಅಂದಿದ್ದರೆ ಅವರ ಗಂಟೇನು ಹೋಗುತ್ತಿತ್ತು. ಮೇಷ್ಟ್ರಿಗೆ ಫ್ಯೂಸು ಹಾಕಲು ಬರುವುದಿಲ್ಲ. ಅವರ ಮನೆಯಲ್ಲಿ ಕರೆಂಟು ಹೋದರೆ ಫೋನು ಬರುವುದು ಇವನಿಗೆ, ರಿಪೇರಿ ಅಂಗಡಿಗೆ ಬೀಗ ಹಾಕಿ, ಬಿಚ್ಚಿಟ್ಟ ಮಿಕ್ಸಿ ಬಿಚ್ಚಿದ ಹಾಗೇ ಬಿಟ್ಟು ಎರಡು ಬಸ್ಸು ಹತ್ತಿ ಹೋಗಿ ಫ್ಯೂಸು ಹಾಕಿ ಬರಬೇಕು, ಆಗಲೂ ಪಕ್ಕದಲ್ಲಿ ನಿಂತು ಕರೆಂಟು ಅಂದರೇನು ಅಂತ ಇವನಿಗೇ ಪಾಠ.

ಹೊಟ್ಟೆಕಿಚ್ಚು ಅಂದರೆ ಅನ್ನಲಿ, ಹೌದು, ಹೊಟ್ಟೆಕಿಚ್ಚೇ, ಈ ಪೆಟ್ಟಿಗೆಯಾದರೂ ತನ್ನ ಪಾಲಿಗೆ ಇರಲಿ ಅಂದುಕೊಂಡಿದ್ದ. ಸೊಂಟದೆತ್ತರದ ರೇಡಿಯೋ, ಮಾವನ ಹೊಲಿಗೆ ಅಂಗಡಿಯ ಮೂಲೆಯಲ್ಲಿ ಮೂವತ್ತು ವರ್ಷ ಹಾಡಿದ್ದು, ಮುಂದಿನ ಬಟ್ಟೆ ಹರಿದಾಗ ಯಾರದೋ ಕೋಟಿನ ಉಳಿಕೆ ತುಂಡಿನಿಂದ ಮಾವನೇ ಹೊಲಿದು ಬಿಗಿದದ್ದು, ಆ ಹೊಲಿಗೆ ಎಲ್ಲಿದೆ ಅಂತ ಇವತ್ತಿಗೂ ಹುಡುಕಿದರೂ ಕಾಣುವುದಿಲ್ಲ. ಕಣ್ಣು ಮಂಜಾಗಿ ಎದುರಿಗಿದ್ದವರು ಬರೀ ನೆರಳಾದ ಮೇಲೆ ಮಾವನಿಗೆ ಬೇಕಾದದ್ದು ಅದೊಂದೇ, ಫೋನಿನಲ್ಲಿ ಹಾಕಿಕೊಟ್ಟರೆ ಬೇಡ ತೆಗೆಯೋ, ಡಬ್ಬಿಯೊಳಗೆ ಸೊಳ್ಳೆ ಮಾತಾಡಿದ ಹಾಗಿದೆ. ಸರಿ, ಅಟ್ಟದಿಂದ ಇಳಿಸಿ, ಧೂಳು ಹೊಡೆದು, ವೈರು ಬದಲಿಸಿ ನೋಡಿದರೆ ಐದು ವಾಲ್ವಿನಲ್ಲಿ ನಾಲ್ಕು ಗಟ್ಟಿಯಾಗಿವೆ, ಐದನೆಯದು, ಸ್ಪೀಕರಿಗೆ ದನಿ ಕೊಡುವುದು, ಇಎಲ್ ನಲವತ್ತೊಂದು, ಅದು ಹೋಗಿದೆ, ಒಳಗೆ ಏನೋ ಕಳಚಿ ಬಿದ್ದಿದೆ, ಮಾವನೇ ಕೈನೀಡಿ ಇಸಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿ, ಗಲಗಲ ಅಂತಿದೆಯಲ್ಲೋ, ಸತ್ತಿದೆ ಇದು, ಇನ್ನೊಂದು ಸಿಗುತ್ತಾ. ಸಿಗದೆ ಏನು ಮಾವ, ಅಂದುಬಿಟ್ಟ, ಆಮೇಲೆ ಮೂರು ತಿಂಗಳು. ಗುಜರಿ ಅಂಗಡಿಗಳಲ್ಲಿ ಮಂಡಿಯೂರಿ ಕೂತು ಮೂಟೆ ಮೂಟೆ ತಡಕಿದ, ಮೈಕ್‌ಸೆಟ್ಟಿನವನ ಗೋದಾಮಿನಲ್ಲಿ ಜೇಡರ ಬಲೆ ತಲೆಗೆ ಮೆತ್ತಿಕೊಂಡ, ಮುಚ್ಚಿದ ಸಿನಿಮಾ ಮಂದಿರದ ಮುದಿ ಆಪರೇಟರು ಇದೆ ಇದೆ ಅಂತ ಮೂರು ಭಾನುವಾರ ತಿರುಗಿಸಿ ಕೊನೆಗೆ ಕೊಟ್ಟದ್ದು ಬೇರೆ ನಂಬರಿನದು, ಬುಡದ ಕಡ್ಡಿಗಳೇ ಹೊಂದುವುದಿಲ್ಲ, ಇವನ ಚಪ್ಪಲಿ ಸವೆಯಿತು, ಅಂಗಡಿಯ ಗಿರಾಕಿಗಳು ಬೈದರು, ಹೆಂಡತಿ, ರೀ, ನೀವು ಆ ರೇಡಿಯೋನ ಮದುವೆ ಮಾಡ್ಕೋಬೇಕಿತ್ತು, ಅಂದಳು.

ಆಮೇಲೆ ಆ ಮುದುಕಿ, ತೀರಿಹೋದ ರೇಡಿಯೋ ಮೆಕ್ಯಾನಿಕ್ಕಿನ ಹೆಂಡತಿ, ಎರಡನೇ ಮಹಡಿ, ಮೆಟ್ಟಿಲಲ್ಲಿ ಬಲ್ಬಿಲ್ಲ. ಗಂಡ ಬಿಟ್ಟುಹೋದ ವಾಲ್ವುಗಳನ್ನು ಗಂಡನದೇ ಕಾಲುಚೀಲಗಳೊಳಗೆ, ಒಂದೊಂದು ಚೀಲಕ್ಕೆ ಒಂದೊಂದು, ಸುತ್ತಿ ಬೀರುವಿನಲ್ಲಿ ಇಟ್ಟಿದ್ದಾಳೆ, ತೋರಿಸುತ್ತಾಳೆ, ಕೊಡುವುದಿಲ್ಲ, ನಮ್ಮನೆಯವರು ಯಾರಿಗೂ ಮುಟ್ಟೋಕೆ ಬಿಡ್ತಿರಲಿಲ್ಲಪ್ಪ, ಅಂದ ಹಾಗೆ ಈ ಫ್ಯಾನು ತಿರುಗಲ್ಲ ನೋಡು. ಫ್ಯಾನು ತಿರುಗಿಸಿದ. ಮುಂದಿನ ವಾರ ಇಸ್ತ್ರಿ ಪೆಟ್ಟಿಗೆ, ಅದರ ಮುಂದಿನ ವಾರ ಬಾಗಿಲ ಬೆಲ್ಲು, ಆ ಬೆಲ್ಲನ್ನು ಮುದುಕಿ ಒಂದು ಸಲ ಬಾರಿಸಿದಳು, ಇನ್ನೊಂದು ಸಲ ಬಾರಿಸಿದಳು, ಎದುರುಮನೆಯವರು ಬಾಗಿಲು ತೆರೆದು ಇಣುಕುವವರೆಗೂ ಬಾರಿಸಿ, ಒಳಗೆ ಹೋಗಿ ಒಂದು ಕಂದು ಕಾಲುಚೀಲ ತಂದು ಕೈಯಲ್ಲಿಟ್ಟಳು, ನಿನ್ನ ಕೈ ಚೆನ್ನಾಗಿದೆ ಕಣಪ್ಪ, ನಮ್ಮನೆಯವರ ಕೈ ಹೀಗೇ ಇತ್ತು, ತಗೋ, ಆದ್ರೆ ಗಾಜು ಮಾತ್ರ ಉಜ್ಜಬೇಡ, ನಂಬರು ಅಳಿಸಿಹೋಗುತ್ತೆ, ಆಮೇಲೆ ಯಾವುದು ಏನು ಅಂತ ಯಾರಿಗೂ ಹೇಳೋಕಾಗಲ್ಲ. ಕತ್ತಲ ಮೆಟ್ಟಿಲಿಳಿಯುವಾಗ ಅವನಿಗೆ ಅಳುವೇ ಬಂದಿತ್ತು, ವಾಲ್ವು ಸಿಕ್ಕಿದ್ದಕ್ಕಲ್ಲ, ಆ ಮಾತಿಗೆ, ಗುರುತಿಲ್ಲದ ಮುದುಕಿಯ ಬಾಯಿಂದ ಬರುವ ಮಾತು ಮನೆಯವರ ಬಾಯಿಂದ ಬರಲು ಏನು ಕಷ್ಟ. ಮನೆಗೆ ಬಂದು ಅವತ್ತೇ ಸಿಕ್ಕಿಸಿಬಿಡಬಹುದಿತ್ತು. ಸಿಕ್ಕಿಸಲಿಲ್ಲ. ಹೆಂಡತಿಗೂ ಹೇಳಲಿಲ್ಲ. ಭಾನುವಾರ ಮೇಷ್ಟ್ರು ಬರುತ್ತಾರೆ, ಬರಲಿ, ಅವರ ಎದುರಿಗೇ ಹಾಡಿಸಬೇಕು, ಅವರ ಕಿವಿಯ ಹತ್ತಿರವೇ ಮಾವ ಹೇಳಬೇಕು, ಎಂಟು ದಿನ ತಾನೆ, ಅಲ್ಲಿಯವರೆಗೆ ಸುಮ್ಮನಿರೋಣ ಅಂತ. ಸಿಕ್ಕಿತೇನೋ, ಅಂತ ದಿನಾ ಬೆಳಿಗ್ಗೆ ಮಾವ ಕೇಳುತ್ತಿದ್ದರು, ಹಾಸಿಗೆಯಿಂದ ಎಬ್ಬಿಸಿ ಕೂರಿಸುವಾಗ, ಹಲ್ಲುಜ್ಜುವುದಕ್ಕೂ ಮೊದಲು. ಇನ್ನೂ ಇಲ್ಲ ಮಾವ, ಹುಡುಕ್ತಿದೀನಿ.

ಮತ್ತೆ ಇವತ್ತು ಏನಾಯಿತು, ಮೇಷ್ಟ್ರು ಹೊಸ್ತಿಲು ದಾಟುತ್ತಿದ್ದ ಹಾಗೇ ಚೀಲದಿಂದ ಒಂದು ಪುಟ್ಟ ರಟ್ಟಿನ ಪೆಟ್ಟಿಗೆ ತೆಗೆದು ಮಾವನ ಅಂಗೈಯಲ್ಲಿಟ್ಟರು. ಏನು ಹೇಳಿ ಮಾವ, ಇಎಲ್ ನಲವತ್ತೊಂದು, ಫೋನಲ್ಲಿ ಹುಡುಕಿದೆ, ಎರಡು ನಿಮಿಷ, ಮನೆ ಬಾಗಿಲಿಗೇ ತಂದುಕೊಟ್ಟು ಹೋದ್ರು. ಎರಡು ನಿಮಿಷ. ಮಾವ ಆ ಪೆಟ್ಟಿಗೆಯನ್ನು ಎರಡು ಕೈಯಲ್ಲೂ ಹಿಡಿದು ಎದೆಗೊತ್ತಿಕೊಂಡದ್ದನ್ನು ಅವನು ಬಾಗಿಲ ಹತ್ತಿರ ನಿಂತು ನೋಡಿದ, ಅಂಗಿಯ ಜೇಬಿನಲ್ಲಿ ಕಂದು ಕಾಲುಚೀಲದೊಳಗೆ ತನ್ನದು, ಎದೆಗೆ ತಣ್ಣಗೆ ತಾಗುತ್ತಿದೆ, ನಾನೂ ತಂದಿದೀನಿ ಅಂತ ಬಾಯಿವರೆಗೂ ಬಂತು, ಬಂದು ಅಲ್ಲೇ ನಿಂತಿತು, ಈಗ ಹೇಳಿದರೆ ಹೇಗಿರುತ್ತದೆ, ನನಗೂ ಇದೆ ನನಗೂ ಇದೆ ಅಂತ ಸ್ಕೂಲಿನ ಮಗು ಕೈಯೆತ್ತಿದ ಹಾಗೆ. ಅಷ್ಟರಲ್ಲಿ ತನ್ನ ಹೆಂಡತಿ, ತನ್ನದೇ ಹೆಂಡತಿ, ನೋಡ್ರೀ ಭಾವ ಎಷ್ಟು ಮುತುವರ್ಜಿಯಿಂದ ತರಿಸಿದಾರೆ, ನೀವು ಮೂರು ತಿಂಗಳಿಂದ ಹುಡುಕ್ತಾನೇ ಇದೀರ. ಮೈಯೆಲ್ಲ ಉರಿದುಹೋಯಿತು. ಕೊಡಿ, ಹಾಕ್ತೀನಿ, ಅಂತ ಪೆಟ್ಟಿಗೆ ಇಸಕೊಂಡು, ಟಾರ್ಚು ಬಾಯಿಗೆ ತುರುಕಿಕೊಂಡು ರೇಡಿಯೋದ ಹಿಂದಕ್ಕೆ ತೆವಳಿಕೊಂಡು ಬಂದ, ಬಾಯಲ್ಲಿ ಟಾರ್ಚು ಇದ್ದರೆ ಯಾರಿಗೂ ಉತ್ತರ ಕೊಡಬೇಕಾಗಿಲ್ಲ.

ಈಗ ಎರಡೂ ಪೇಪರಿನ ಮೇಲಿವೆ. ಮೇಷ್ಟ್ರದು ಹತ್ತಿಯೊಳಗಿಂದ ಎದ್ದು ಬಂದ ಮದುಮಗ, ಗಾಜು ಥಳಥಳ, ಮೇಲೆ ಬಿಳೀ ಅಕ್ಷರ, ಇಎಲ್, ನಾಲ್ಕು, ಒಂದು, ಅಚ್ಚೊತ್ತಿದ ಹಾಗೆ. ತನ್ನದು ಮಬ್ಬು, ಹಳದಿಗೆ ತಿರುಗಿದ ನಂಬರು, ಕಡ್ಡಿಗಳಿಗೆ ತೆಳುವಾಗಿ ಕಿಲುಬು, ಒಂದು ಕಡೆ ಕಂದು ಕಾಲುಚೀಲದ ನೂಲು ಅಂಟಿಕೊಂಡಿದೆ. ಒಂದೇ ಜಾತಿ, ಒಂದೇ ಎತ್ತರ, ಆದರೂ ಒಂದು ಕಾಲೇಜು ಮೇಷ್ಟ್ರು, ಇನ್ನೊಂದು ಮಿಕ್ಸಿ ರಿಪೇರಿ. ಇಷ್ಟೊಂದು ಬೆಳ್ಳಗಿನ ಅಕ್ಷರ ಯಾಕೆ ಬೇಕು ಅದಕ್ಕೆ, ಯಾರು ನೋಡುತ್ತಾರೆ, ನೋಡಬೇಕಾದವರಿಗೆ ಕಣ್ಣು ಕಾಣುವುದಿಲ್ಲ — ಹೆಬ್ಬೆರಳು ತಾನಾಗಿಯೇ ಹೋಯಿತು, ಸುಮ್ಮನೆ, ಅಳಿಸುತ್ತದೋ ಇಲ್ಲವೋ ನೋಡೋಣ ಅಂತ, ಬೆವರಿದ ಹೆಬ್ಬೆರಳು, ಒಂದು ಸಲ, ಇಎಲ್ ಮಸುಕಾಯಿತು, ಇನ್ನೊಂದು ಸಲ, ನಾಲ್ಕು ಹೋಯಿತು, ಆಮೇಲೆ ನಿಲ್ಲಿಸಲು ಆಗಲಿಲ್ಲ, ಉಜ್ಜಿದ, ಹಲ್ಲಿನಲ್ಲಿ ಟಾರ್ಚು ಕಟಕಟ ಅನ್ನುವಷ್ಟು ಉಜ್ಜಿದ, ಒಂದರ ಗೆರೆ ಅರ್ಧ ಉಳಿಯಿತು, ಉಳಿದದ್ದೆಲ್ಲ ಬೋಳು ಗಾಜು, ಬೆರಳ ತುದಿಯಲ್ಲಿ ಬಿಳಿ ಹಿಟ್ಟು. ಇಡೀ ಮೂರು ತಿಂಗಳಲ್ಲಿ ಇಷ್ಟು ಹಿತವಾದದ್ದು ಏನೂ ಇರಲಿಲ್ಲ, ಮರುಕ್ಷಣವೇ ಅಸಹ್ಯವಾಯಿತು, ಪ್ಯಾಂಟಿಗೆ ಬೆರಳು ಒರೆಸಿಕೊಂಡ. ಬೋಳಾದದ್ದನ್ನು ತೆಗೆದು ಅಂಗಿಯ ಜೇಬಿಗೆ ಹಾಕಿದ, ತನ್ನದನ್ನು ಎತ್ತಿ ಬುಡದ ಗುಬುಟನ್ನು ಸಾಕೆಟ್ಟಿನ ಕಚ್ಚಿಗೆ ಸರಿಹೊಂದಿಸಿ ಒತ್ತಿದ, ಕಿಟಕ್ ಅಂತ ಕೂತಿತು, ಸತ್ತ ಹಳೆಯದು ಸ್ಕ್ರೂಗಳ ಡಬ್ಬಿಯಲ್ಲಿತ್ತು, ಅಲ್ಲೇ ಇರಲಿ. ಹೂಂ, ಸ್ವಿಚ್ ಹಾಕೇ, ಅಂತ ಹೆಂಡತಿಗೆ ಟಾರ್ಚಿನ ಪಕ್ಕದಿಂದ ಹೇಳಿದ.

ತಕ್ಷಣ ಬರಲ್ಲ ಮಾವ, ಬಿಸಿಯಾಗಬೇಕು, ಅಂದರು ಮೇಷ್ಟ್ರು, ಗೊತ್ತಪ್ಪ, ಮೂವತ್ತು ವರ್ಷ ಕಾದಿದೀನಿ, ಅಂದರು ಮಾವ. ವಾಲ್ವಿನ ಒಳಗೆ ಮಸಿಯಂಥ ಕೆಂಪು, ಆಮೇಲೆ ಕೆಂಡದ ಕೆಂಪು, ಬರುತ್ತದಾ, ಮುದುಕಿಯ ಬೀರುವಿನಲ್ಲಿ ಎಷ್ಟು ವರ್ಷ ಮಲಗಿತ್ತೋ ಏನೋ, ಬರದಿದ್ದರೆ ಮೇಷ್ಟ್ರದು ಕೆಟ್ಟದ್ದು ಅಂತಾಗುತ್ತದೆ, ಅದೂ ಒಳ್ಳೆಯದೇ, ಅಲ್ಲ, ಬರಲಿ, ಬಾರಪ್ಪ, ಬಾ — ಗುಂಯ್ ಅಂತ ತಳದಿಂದ ಒಂದು ಸದ್ದು, ಅದರೊಳಗಿಂದ ದೂರದಲ್ಲಿ ಯಾರೋ ಹೆಂಗಸು ಮಾತಾಡುತ್ತಾ ಹತ್ತಿರ ಬಂದಳು, ನಡೆದು ಬಂದು ಹಾಲಿನ ನಡುವೆ ನಿಂತಳು, ಒಣಹವೆ ಮುಂದುವರಿಯಲಿದೆ, ಗಾಳಿಯ ವೇಗ ಸಾಧಾರಣವಾಗಿರುತ್ತದೆ, ಎಂಥ ದನಿ, ತುಂಬಿದ ದನಿ, ಮರದ ಹಲಗೆಯೇ ಎದೆಯಾದ ದನಿ. ಅವನು ನೆಲಕ್ಕೆ ಕೆನ್ನೆ ಒತ್ತಿ ಸಂದಿಯಲ್ಲಿ ನೋಡಿದ. ಮಣೆಯ ಮೇಲಿದ್ದ ಮಾವನ ಬಲಪಾದ ಮೆಲ್ಲಗೆ ಮುಂದಕ್ಕೆ ಬಾಗಿತು, ಹಿಂದಕ್ಕೆ ಬಂತು, ಮುಂದಕ್ಕೆ, ಹಿಂದಕ್ಕೆ, ಹೊಲಿಗೆ ಯಂತ್ರ ತುಳಿಯುವ ಕಾಲು, ಅಂಗಡಿ ಮುಚ್ಚಿ ಎಷ್ಟೋ ವರ್ಷವಾಗಿ ಮರೆತೇಹೋಗಿದ್ದ ಕಾಲು, ಈಗ ತುಳಿಯುತ್ತಿದೆ, ನನ್ನ ವಾಲ್ವು, ಅದನ್ನು ತುಳಿಸುತ್ತಿರುವುದು ನನ್ನ ವಾಲ್ವು. ಮೇಷ್ಟ್ರೇ, ಎಲ್ಲಿದೀರಿ, ಕೈ ಕೊಡಿ ಇಲ್ಲಿ, ಅಂದರು ಮಾವ, ನೀವು ನನಗೆ ಕಣ್ಣು ಕೊಟ್ಟ ಹಾಗಾಯ್ತು, ನಿಮ್ಮ ಹೊಟ್ಟೆ ತಣ್ಣಗಿರಲಿ. ಬಿಳಿ ಕಾಲುಚೀಲ ಒಂದು ಹೆಜ್ಜೆ ಮುಂದೆ ಬಂತು, ಅಯ್ಯೋ ನಂದೇನಿದೆ ಮಾವ, ಒಳಗೆ ಬಿದ್ದು ಒದ್ದಾಡ್ತಿರೋನು ಅವನು, ಅವನಿಗೆ ಹೇಳಿ. ಹಾಗೆ ಬೇರೆ ಅನ್ನುತ್ತಾರೆ, ಒಳ್ಳೆಯವರು ಬೇರೆ, ಆ ಒಳ್ಳೆಯತನವನ್ನು ಎಲ್ಲಿ ಬಡಿದುಕೊಳ್ಳುವುದು. ಅವನಿಗೇನು ಬಿಡಿ, ದಿನಾ ಇಲ್ಲೇ ಇರ್ತಾನೆ, ಅಂದರು ಮಾವ.

ಮೇಷ್ಟ್ರ ಮುಖ ರೇಡಿಯೋದ ಮೇಲಿನಿಂದ ತಲೆಕೆಳಗಾಗಿ ಇಣುಕಿತು, ಕನ್ನಡಕ ಜಾರುತ್ತಿತ್ತು, ಹಳೇ ವಾಲ್ವು ಎಲ್ಲಪ್ಪ, ಸುಟ್ಟದ್ದು, ಕ್ಲಾಸಲ್ಲಿ ತೋರಿಸೋಕೆ ಬೇಕಿತ್ತು, ಓ, ಜೇಬಲ್ಲಿದೆಯಲ್ಲ, ಅದೇನಾ. ಜೇಬಿನ ಬಾಯಲ್ಲಿ ಗಾಜಿನ ತುದಿ ಮಿಣುಗುತ್ತಿತ್ತು. ಅಲ್ಲ, ಅದು ಡಬ್ಬಿಯಲ್ಲಿದೆ, ಅನ್ನಲು ಎಷ್ಟು ಹೊತ್ತು, ಆದರೆ ಹಾಗಾದರೆ ಇದೇನು ಅಂತ ಕೇಳುತ್ತಾರೆ, ಹೂಂ, ಅಂದುಬಿಟ್ಟ, ಟಾರ್ಚು ಕಚ್ಚಿಕೊಂಡೇ, ಹೂಂ, ಬಿಳೀ ಕೈ ಕೆಳಗಿಳಿದು ಜೇಬಿನಿಂದ ಅದನ್ನು ಎತ್ತಿಕೊಂಡು ಹೋಯಿತು. ಆಮೇಲೆ ಪಾಠ. ನೋಡಿ ಎಲ್ಲರೂ, ಇದು ಜೀವ ಹೋದ ವಾಲ್ವು, ನಂಬರು ಕೂಡ ಶಾಖಕ್ಕೆ ಅಳಿಸಿಹೋಗಿದೆ, ಒಳಗಿನ ತಂತಿಯ ಬಣ್ಣ ನೋಡಿ, ಅಭ್ಯಾಸ ಇದ್ದೋರಿಗೆ ದೂರದಿಂದಲೇ ಗೊತ್ತಾಗುತ್ತೆ ಇದರಲ್ಲಿ ಏನೂ ಉಳಿದಿಲ್ಲ ಅಂತ. ಅವನ ಹೊಟ್ಟೆಯೊಳಗಿಂದ ನಗು ಉಕ್ಕಿತು, ಪಕ್ಕೆ ನೋಯುವಷ್ಟು, ತಾನೇ ತಂದ ಎರಡು ನಿಮಿಷದ ವಾಲ್ವಿನ ಗುರುತು ಸಿಗಲಿಲ್ಲ ಫಿಸಿಕ್ಸಿಗೆ, ಹೊಚ್ಚ ಹೊಸದನ್ನು ಹಿಡಿದುಕೊಂಡು ಹೆಣ ಅನ್ನುತ್ತಿದ್ದಾರೆ, ಹೇಳಬೇಕು, ಎದ್ದು ನಿಂತು ಎಲ್ಲರೆದುರಿಗೆ ಹೇಳಬೇಕು, ಯಾರಿಗೆ ಹೇಳುವುದು, ಹೇಳಿದರೆ ಬೆರಳು ತೋರಿಸಬೇಕು, ಇಷ್ಟು ವರ್ಷಕ್ಕೆ ಒಂದು ಸಲ ಗೆದ್ದರೆ ಅದನ್ನೂ ಬಾಯಿಬಿಟ್ಟು ಹೇಳುವಂತಿಲ್ಲ.

ಇಲ್ಲಿ ಕೊಡಿ, ನಾನೂ ನೋಡ್ತೀನಿ, ಅಂದರು ಮಾವ. ನಗು ನಿಂತಿತು. ಅವನು ಟಾರ್ಚು ಉಗುಳಿ ಮೊಣಕಾಲ ಮೇಲೆ ಎದ್ದ, ರೇಡಿಯೋದ ಅಂಚಿನ ಮೇಲಿಂದ ಕಾಣುತ್ತದೆ, ಮಾವ ವಾಲ್ವನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು, ಕತ್ತು ಓರೆ ಮಾಡಿ ಇನ್ನೊಂದು ಸಲ ಅಲ್ಲಾಡಿಸಿದರು, ಏನೂ ಇಲ್ಲ, ಗಲಗಲ ಇಲ್ಲ. ಪಾದ ತುಳಿಯುವುದನ್ನು ನಿಲ್ಲಿಸಿದೆ. ಆಮೇಲೆ ಹೆಬ್ಬೆರಳು, ಸೂಜಿ ಚುಚ್ಚಿ ಚುಚ್ಚಿ ಗಡುಸಾದದ್ದು, ಬಟ್ಟೆಯ ಉಲ್ಟಾ ಸೀದಾ ಕತ್ತಲಲ್ಲೂ ಹೇಳುವುದು, ಗಾಜಿನ ಸುತ್ತ ಒಂದು ಸುತ್ತು ಹೋಗಿ ಒಂದು ಕಡೆ ತಡೆಯಿತು, ಉಳಿದ ಅರ್ಧ ಗೆರೆಯ ಹತ್ತಿರ. ಲೋ, ಬಾ ಇಲ್ಲಿ. ಹೋದ. ಇದನ್ನ ಎತ್ತಿಡು, ಮೇಷ್ಟ್ರಿಗೆ ಆ ಗಲಗಲ ಅನ್ನೋದನ್ನ ಕೊಟ್ಟು ಕಳಿಸು. ಇದೇ ಇರಲಿ ಬಿಡಿ ಮಾವ, ಅಂದರು ಮೇಷ್ಟ್ರು. ಬೇಡಿ, ಮಕ್ಕಳಿಗೆ ತೋರಿಸೋಕೆ ಸದ್ದು ಮಾಡೋದೇ ವಾಸಿ, ಅಂದರು ಮಾವ, ಯಾರಿಗೂ ಏನೂ ಗೊತ್ತಾಗದ ಹಾಗೆ, ನಗುತ್ತಲೇ. ಕಾಫಿ ತರ್ತೀನಿ, ಅಂತ ಹೆಂಡತಿ ಒಳಗೆ ಹೋದಳು, ಅವಳಕ್ಕ ಅವಳ ಹಿಂದೆ, ಮೇಷ್ಟ್ರು ಬಗ್ಗಿ ರೇಡಿಯೋದ ಗುಂಡಿ ತಿರುಗಿಸಿ ನೋಡುತ್ತಿದ್ದಾರೆ, ಒಣಹವೆ ಹೋಗಿ ವಯಲಿನ್ನು ಬಂತು. ಇಪ್ಪತ್ತಾರು ವರ್ಷದಿಂದ ಬೇಕಾಗಿದ್ದುದು ಇಂಥದ್ದೇ, ಮಾವನಿಗೂ ತನಗೂ ಮಾತ್ರ ಗೊತ್ತಿರುವ ಏನಾದರೊಂದು, ಮೇಷ್ಟ್ರಿಗೆ ಪಾಲಿಲ್ಲದ್ದು, ಸಿಕ್ಕಿತಲ್ಲ, ಆದರೆ ಇದಲ್ಲ, ಇದು ಬೇಕಿರಲಿಲ್ಲ. ಕೈ ನೀಡಿದ. ಮಾವ ವಾಲ್ವು ಕೊಡಲಿಲ್ಲ. ಇವನ ಮಣಿಕಟ್ಟು ಹಿಡಿದು ಹತ್ತಿರಕ್ಕೆ ಎಳೆದು, ವಯಲಿನ್ನಿಗಿಂತ ಮೆತ್ತಗೆ, ಅದರೊಳಗೆ ಹಾಡ್ತಿರೋ ನಿಂದು ಯಾವಾಗ ಸಿಕ್ತು. ಎಂಟು ದಿನ, ಎಂಟು ಬೆಳಿಗ್ಗೆ, ಸಿಕ್ಕಿತೇನೋ, ಇನ್ನೂ ಇಲ್ಲ ಮಾವ, ಸಿಕ್ಕಿತೇನೋ, ಇನ್ನೂ ಇಲ್ಲ ಮಾವ, ಹೇಳು, ಈಗ ಬಾಯಲ್ಲಿ ಟಾರ್ಚಿಲ್ಲ, ಮಾವ ಕಾಯುತ್ತಿದ್ದಾರೆ, ಏನೂ ಕಾಣದ ಕಣ್ಣು ಇವನ ಮುಖದ ಮೇಲಲ್ಲ, ಪಕ್ಕದ ಗೋಡೆಯ ಮೇಲೆ ನೆಟ್ಟಿದೆ, ಹೆಬ್ಬೆರಳು ಮಾತ್ರ ಆಡುತ್ತಿದೆ, ಆ ಹೆಬ್ಬೆರಳು, ಬೋಳು ಗಾಜಿನ ಮೇಲೆ, ನಂಬರಿದ್ದ ಜಾಗದಲ್ಲಿ, ಅತ್ತ ಹೋಗಿ, ಇತ್ತ ಬಂದು, ಅತ್ತ ಹೋಗಿ, ಆ ಹೆಬ್ಬೆರಳು —